ಮೊದಲು ಬೋಧನೆ, ಆಮೇಲೆ ದೆವ್ವ

ಡೊಂಬಿವಲಿ ಪಶ್ಚಿಮದಲ್ಲಿ ರಿಕ್ಷಾದವನಿಗೆ ‘ಗೋಪಿ’ ಎಂದರೆ ಸಾಕು, ಮಾಲಿನ ಮುಂದೆ ಇಳಿಸುತ್ತಾನೆ. ಆ ಹೆಸರು ಮಾಲಿನದಲ್ಲ, ಅದಕ್ಕೂ ಮೊದಲು ಅಲ್ಲಿದ್ದ ಗೋಪಿ ಟಾಕೀಸಿನದು. ಥಾಣೆಯಲ್ಲಿ ವಂದನಾ ಟಾಕೀಸಿನ ಹೆಸರು ಎಸ್‌ಟಿ ಬಸ್ ನಿಲ್ದಾಣಕ್ಕೆ ಅಂಟಿಕೊಂಡಿದೆ. ಥಾಣೆ ಸ್ಟೇಷನ್ನಿನ ಆಸುಪಾಸಿನ ಅಶೋಕ್, ಪ್ರಭಾತ್, ಡೊಂಬಿವಲಿ ಪೂರ್ವದ ತಿಲಕ್, ಪೂಜಾ-ಮಧುಬನ್ ಇವೆಲ್ಲ ಮಲ್ಟಿಪ್ಲೆಕ್ಸ್ ಎಂಬ ಪದ ನಮ್ಮಲ್ಲಿಗೆ ಬರುವ ಮುಂಚಿನ ಹೆಸರುಗಳು. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಇಂಥ ಟಾಕೀಸಿಗೆ ಕೊಟ್ಟ ಒಂದು ಟಿಕೆಟ್ಟಿನ ಹಣಕ್ಕೆ ಎರಡು ಚಿತ್ರ ಸಿಗುತ್ತಿದ್ದವು. ಎರಡನೆಯದನ್ನು ನಾವು ಕೇಳಿ ಪಡೆಯುತ್ತಿದ್ದೆವು. ಮೊದಲನೆಯದನ್ನು ಯಾರೂ ಕೇಳುತ್ತಿರಲಿಲ್ಲ.

ಆ ಮೊದಲನೆಯದು ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ಡಾಕ್ಯುಮೆಂಟರಿ. ಕುಟುಂಬ ಚಿಕ್ಕದಿರಲಿ, ನೀರು ಕುದಿಸಿ ಕುಡಿಯಿರಿ, ಸಾಲಿನಲ್ಲಿ ನಿಲ್ಲಿ, ದೇಶ ಕಟ್ಟಿ ಎಂಬ ಗಂಭೀರ ಕಂಠ. ಅದು ಮುಗಿದ ಮೇಲೆ ದೀಪ ಇನ್ನಷ್ಟು ಆರಿ, ಹಾಳು ಹವೇಲಿಯ ಬಾಗಿಲು ಕಿರ್‍ರೆಂದು ತೆರೆದುಕೊಳ್ಳುತ್ತಿತ್ತು. ಅಗ್ಗದ ದೆವ್ವದ ಚಿತ್ರ ಮತ್ತು ಹರೆಯದವರಿಗೆ ನಡತೆ ಕಲಿಸುವ ಪಾಠದ ಚಿತ್ರ, ಈ ಎರಡೂ ಜಾತಿ ಇಂದು ನಗೆಪಾಟಲಿಗೆ ಈಡಾಗಿವೆ. ಹಳೆಯ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿ ಹೊಟ್ಟೆ ಹಿಡಿದು ನಗುವ ತಲೆಮಾರು ಬಂದಿದೆ. ನಗಲಿ. ಆದರೆ ಒಂದನ್ನು ಕಲೆಯ ಕಸವೆಂದೂ ಇನ್ನೊಂದನ್ನು ಸರ್ಕಾರದ ಕಸವೆಂದೂ ಬೇರೆಬೇರೆ ಬುಟ್ಟಿಗೆ ಹಾಕುವುದು ಸರಿಯಲ್ಲ. ಎರಡೂ ಹುಟ್ಟಿದ್ದು ಒಂದೇ ದಿಗಿಲಿನಿಂದ: ಹರೆಯಕ್ಕೆ ಕಾಲಿಟ್ಟ ಮಕ್ಕಳನ್ನು ನೋಡಿ ದೊಡ್ಡವರಿಗಾದ ದಿಗಿಲು.

ಒಂದೇ ಕೈಯ ಎರಡು ಕೆಲಸ

ಈ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಶಾಲೆಗಳಲ್ಲಿ ಹದಿನಾರು ಮಿಲಿಮೀಟರ್ ಪ್ರೊಜೆಕ್ಟರ್ ಸಾಮಾನ್ಯವಾಯಿತು. ಕೊರೊನೆಟ್, ಸೆಂಟ್ರಾನ್‌ನಂಥ ಕಂಪನಿಗಳು ಹತ್ತು-ಹದಿನೈದು ನಿಮಿಷದ ಪಾಠದ ಚಿತ್ರಗಳನ್ನು ರಾಶಿ ರಾಶಿಯಾಗಿ ಹೊರತಂದವು. ನಾಚಿಕೆಯ ಹುಡುಗ ಗೆಳೆಯರನ್ನು ಸಂಪಾದಿಸುವುದು ಹೇಗೆ ಎನ್ನುವ ‘ಶೈ ಗೈ’ 1947ರದು. ಹುಡುಗಿಯನ್ನು ಹೊರಗೆ ಕರೆದೊಯ್ಯುವಾಗಿನ ಮರ್ಯಾದೆ ಹೇಳುವ ‘ಡೇಟಿಂಗ್: ಡೂಸ್ ಅಂಡ್ ಡೋಂಟ್ಸ್’ 1949ರದು. ಒಳ್ಳೆಯ ಹುಡುಗ ತಲೆ ಬಾಚಿರುತ್ತಾನೆ, ಕೆಟ್ಟ ಹುಡುಗನ ಕಾಲರ್ ಎದ್ದು ನಿಂತಿರುತ್ತದೆ. ಕೊನೆಗೆ ನಿರೂಪಕ ಒಂದು ಪ್ರಶ್ನೆ ಕೇಳುತ್ತಾನೆ, ಉತ್ತರ ಮೊದಲೇ ಗೊತ್ತಿರುತ್ತದೆ.

ಕ್ಯಾನ್ಸಸ್ ರಾಜ್ಯದ ಸೆಂಟ್ರಾನ್ ಕಂಪನಿಯಲ್ಲಿ ಇಂಥ ನೂರಾರು ಚಿತ್ರ ಮಾಡಿದವನು ಹರ್ಕ್ ಹಾರ್ವಿ. ಅವನು ರಜೆ ಹಾಕಿ, ಸುಮಾರು 33 ಸಾವಿರ ಡಾಲರಿನಲ್ಲಿ, 1962ರಲ್ಲಿ ಮಾಡಿದ ಏಕೈಕ ಕಥಾಚಿತ್ರ ‘ಕಾರ್ನಿವಲ್ ಆಫ್ ಸೋಲ್ಸ್’. ಇಂದಿಗೂ ಬೆನ್ನುಹುರಿ ತಣ್ಣಗಾಗಿಸುವ ಪ್ರೇತದ ಚಿತ್ರ ಅದು. ಲೋಳೆಯಂಥ ಜೀವಿ ಊರನ್ನೇ ನುಂಗುವ ‘ದ ಬ್ಲಾಬ್’ (1958) ನಿರ್ದೇಶಿಸಿದ ಇರ್ವಿನ್ ಯೇವರ್ತ್ ಕೂಡ ಅದಕ್ಕೆ ಮುಂಚೆ ಧಾರ್ಮಿಕ ಮತ್ತು ಶೈಕ್ಷಣಿಕ ಚಿತ್ರಗಳನ್ನು ಮಾಡುತ್ತಿದ್ದವನು. ಹಗಲು ಪಾಠ ಹೇಳುತ್ತಿದ್ದವನೇ ರಾತ್ರಿ ಹೆದರಿಸಲು ಬಂದಿದ್ದ. 1957ರ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’ ಈ ಗುಟ್ಟನ್ನು ಕಥೆಯಲ್ಲೇ ಬಿಚ್ಚಿಟ್ಟಿತು. ಸಿಟ್ಟಿನ ಹುಡುಗನೊಬ್ಬನನ್ನು ತಿದ್ದಲು ಮನೋವೈದ್ಯರ ಬಳಿ ಕಳಿಸುತ್ತಾರೆ. ವೈದ್ಯನ ಕೈಯಲ್ಲೇ ಹುಡುಗ ತೋಳವಾಗುತ್ತಾನೆ. ತಿದ್ದುವ ಕೈಯೇ ದೆವ್ವವನ್ನು ತಯಾರಿಸಿತು ಎಂದು ಆ ಕಾಲದ ಅಗ್ಗದ ಚಿತ್ರವೊಂದು ಹೇಳಿತ್ತು. ಪಾಠದ ಚಿತ್ರಗಳಿಗೆ ಅಷ್ಟು ಧೈರ್ಯ ಬರಲಿಲ್ಲ.

ಪೆಡರ್ ರೋಡಿನಿಂದ ಬಂದ ಡಬ್ಬಿ

ನಮ್ಮಲ್ಲಿ ಶಾಲೆಗೊಂದು ಪ್ರೊಜೆಕ್ಟರ್ ಎಂಬ ಮಾತೇ ಇರಲಿಲ್ಲ. ಹಾಗಾಗಿ ಪಾಠ ನಡೆದದ್ದು ಟಾಕೀಸಿನಲ್ಲಿ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ನಿನ ಕಚೇರಿ ಮುಂಬಯಿಯ ಪೆಡರ್ ರೋಡಿನಲ್ಲಿ. 1952ರ ಸಿನೆಮಾಟೋಗ್ರಾಫ್ ಕಾಯ್ದೆ, ಶಿಕ್ಷಣ, ವಿಜ್ಞಾನ, ಸುದ್ದಿ ಮತ್ತು ಸಾಕ್ಷ್ಯದ ಚಿತ್ರಗಳನ್ನು ತೋರಿಸಲೇಬೇಕೆಂದು ಚಿತ್ರಮಂದಿರಗಳಿಗೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ತೋರಿಸದಿದ್ದರೆ ಲೈಸೆನ್ಸಿಗೆ ಕುತ್ತು. ತೋರಿಸಿದ್ದಕ್ಕೆ ಬಾಡಿಗೆಯನ್ನೂ ಟಾಕೀಸಿನವನೇ ಕಟ್ಟಬೇಕು, ವಾರದ ಗಳಿಕೆಯಲ್ಲಿ ನೂರಕ್ಕೆ ಒಂದರ ಲೆಕ್ಕದಲ್ಲಿ. ಮಾಲೀಕರ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1999ರಲ್ಲಿ ಕೋರ್ಟು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆಟ ಮುಗಿಯುತ್ತ ಬಂದಿತ್ತು.

ಪ್ರೇಕ್ಷಕರ ಮಟ್ಟಿಗೆ ಆ ಹೊತ್ತು ಬೀಡಿ ಮುಗಿಸುವ, ಸೀಟು ಹುಡುಕುವ, ಶೇಂಗಾ ಕೊಳ್ಳುವ ಹೊತ್ತು. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆಮ್ ಟ್ವೆಂಟಿ’ (1967) ಸ್ವಾತಂತ್ರ್ಯದ ವರ್ಷದಲ್ಲಿ ಹುಟ್ಟಿ ಇಪ್ಪತ್ತು ತುಂಬಿದವರ ಮುಂದೆ ಕ್ಯಾಮೆರಾ ಇಟ್ಟು, ಮಾತಾಡಿ ಎಂದಿತು. ಅವರು ಮಾತಾಡಿದರು. ಕೆಲವರಿಗೆ ದೇಶದ ಮೇಲೆ ಪ್ರೀತಿ, ಕೆಲವರಿಗೆ ಬೇಸರ, ಕೆಲವರಿಗೆ ಕೆಲಸ ಸಿಕ್ಕರೆ ಸಾಕು. ಅದೇ ಇಲಾಖೆಯ ಪ್ರಮೋದ್ ಪತಿ 1968ರಲ್ಲಿ ಮಾಡಿದ ‘ಎಕ್ಸ್‌ಪ್ಲೋರರ್’ ಕೆಲವೇ ನಿಮಿಷದ್ದು. ಕುಣಿತ, ದೇವರು, ಪ್ರಯೋಗಶಾಲೆ, ಹರೆಯದ ಮುಖಗಳು ಒಂದರ ಮೇಲೊಂದು ಬಡಿದು ಮಾಯವಾಗುತ್ತವೆ, ನಿರೂಪಕನ ದನಿಯೇ ಇಲ್ಲ. ಇಂಥವು ಬೆರಳೆಣಿಕೆ. ಉಳಿದದ್ದರಲ್ಲಿ ಹರೆಯದವನೆಂದರೆ ಮುಂದಿನ ಜನಸಂಖ್ಯೆಯ ಲೆಕ್ಕದಲ್ಲಿ ಒಂದು ಅಂಕಿ. ಅವನ ಮೈಯಲ್ಲಿ ಆಗುತ್ತಿರುವುದೇನು, ಅವಳಿಗೆ ಯಾರ ಮೇಲೆ ಮನಸ್ಸಾಗಿದೆ, ಮನೆಯಲ್ಲಿ ಅದನ್ನು ಯಾರಿಗೆ ಹೇಳಬೇಕು ಎಂಬ ಸುದ್ದಿ ಆ ಡಬ್ಬಿಗಳಲ್ಲಿ ಬರಲಿಲ್ಲ.

ಲ್ಯಾಮಿಂಗ್ಟನ್ ರೋಡಿನ ಮನೆತನ

ಆ ಸುದ್ದಿಯನ್ನು ಅಡ್ಡದಾರಿಯಲ್ಲಿ ತಂದವರು ರಾಮ್‌ಸಿಂಘಾನಿ ಮನೆತನದ ರಾಮ್ಸೆಗಳು. ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ಎಫ್.ಯು. ರಾಮ್‌ಸಿಂಘಾನಿ ದೇಶ ವಿಭಜನೆಯ ನಂತರ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಬಂದು ಅಂಗಡಿ ತೆರೆದರು, ಸಿನಿಮಾಕ್ಕೂ ಕೈಹಾಕಿದರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ನೆಲಕಚ್ಚಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ಕಳವಿಗೆ ಬರುವ ದೃಶ್ಯಕ್ಕೆ ಜನ ಬೆಚ್ಚುತ್ತಿದ್ದುದನ್ನು ಅವರ ಮಕ್ಕಳು ಗಮನಿಸಿದರು. ಹಾಗಾದರೆ ಇಡೀ ಚಿತ್ರವನ್ನು ಆ ದೃಶ್ಯದಂತೆಯೇ ಮಾಡೋಣವೆಂದು ಹೊರಟರು. ಏಳು ಮಂದಿ ಅಣ್ಣತಮ್ಮಂದಿರು. ನಿರ್ದೇಶನಕ್ಕೆ ತುಳಸಿ ಮತ್ತು ಶ್ಯಾಮ್, ಬರವಣಿಗೆಗೆ ಕುಮಾರ್, ಕ್ಯಾಮೆರಾಕ್ಕೆ ಗಂಗು, ಧ್ವನಿಗೆ ಕಿರಣ್. ಮಹಾಬಳೇಶ್ವರದಲ್ಲಿ ವಸತಿಗೃಹ ಹಿಡಿದು, ಮನೆಮಂದಿಯೆಲ್ಲ ಜೊತೆಗೂಡಿ, ಸ್ಟುಡಿಯೊ ಸೆಟ್ಟಿನ ಖರ್ಚಿಲ್ಲದೆ ಮುಗಿಸಿದ ‘ದೋ ಗಜ್ ಜಮೀನ್ ಕೇ ನೀಚೆ’ 1972ರಲ್ಲಿ ತೆರೆಕಂಡು ಹಣ ತಂದಿತು. ಮುಂದಿನ ಎರಡು ದಶಕ ಅದೇ ದಾರಿ. ದೊಡ್ಡ ತಾರೆಯಿಲ್ಲ, ದೊಡ್ಡ ಊರಿನ ದೊಡ್ಡ ಟಾಕೀಸಿನ ಹಂಬಲವಿಲ್ಲ. ಸಣ್ಣ ಊರು, ಊರಂಚಿನ ಟಾಕೀಸು, ಕಡಿಮೆ ದರದ ಟಿಕೆಟ್ಟು. ಆಗಿನ್ನೂ ಮುಂಬಯಿಯ ಅಂಚೇ ಆಗಿದ್ದ ಕಲ್ಯಾಣ್, ಡೊಂಬಿವಲಿಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದ್ದವು. ಬಹುಪಾಲು ಚಿತ್ರಗಳಿಗೆ ‘ಎ’ ಸರ್ಟಿಫಿಕೇಟ್ ಇರುತ್ತಿದ್ದುದರಿಂದ ಮೀಸೆ ಮೂಡದ ಹುಡುಗರಿಗೆ ಒಳಗೆ ನುಸುಳುವುದೇ ಅರ್ಧ ರೋಮಾಂಚನ.

ಕಥೆಗಳ ಎಲುಬುಗೂಡನ್ನು ಬಿಡಿಸಿ ನೋಡಿದರೆ ಅದು ಪಾಠದ ಚಿತ್ರದ್ದೇ. ಹುಡುಗ-ಹುಡುಗಿ ಹಿರಿಯರ ಮಾತು ಮೀರಿ ಹೊರಡುತ್ತಾರೆ. ಗಾಡಿ ಕೆಡುತ್ತದೆ. ಹವೇಲಿ ಸಿಗುತ್ತದೆ. ಮೈಮರೆತವರು ಮೊದಲು ಸಾಯುತ್ತಾರೆ, ದೇವರನ್ನು ನೆನೆದವರು ಬದುಕುತ್ತಾರೆ. ಕೊರೊನೆಟ್ ಕಂಪನಿಯ ನಿರೂಪಕ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ತ್ರಿಶೂಲ ಹೇಳುತ್ತದೆ.

ಆದರೆ ಇವರ ಅತಿ ದೊಡ್ಡ ಗೆಲುವಾದ ‘ಪುರಾನಾ ಮಂದಿರ್’ (1984) ಬೇರೊಂದನ್ನೂ ಹೇಳುತ್ತದೆ. ಸಾಮ್ರಿ ಎಂಬ ದುಷ್ಟನ ತಲೆ ಕಡಿದು, ಮುಂಡವನ್ನು ಒಂದೆಡೆ ಹೂತು, ತಲೆಯನ್ನು ಪೆಟ್ಟಿಗೆಯಲ್ಲಿ ಬಂಧಿಸಿಟ್ಟ ರಾಜಮನೆತನ. ಆ ವಂಶದ ಹೆಣ್ಣು ಹೆರಿಗೆಯಲ್ಲಿ ಸಾಯಲಿ ಎಂಬುದು ಅವನ ಶಾಪ. ತಲೆಮಾರುಗಳ ನಂತರದ ಠಾಕೂರನು ಮಗಳ ಪ್ರೇಮಕ್ಕೆ ಅಡ್ಡ ನಿಲ್ಲುತ್ತಾನೆ. ಕಾರಣವನ್ನು ಮಾತ್ರ ಬಹಳ ಹೊತ್ತು ಬಾಯಿ ಬಿಡುವುದಿಲ್ಲ. ಮಗಳ ದೇಹಕ್ಕೆ, ಮದುವೆಗೆ, ಬಸಿರಿಗೆ ಸಂಬಂಧಿಸಿದ ಸತ್ಯ ಅಪ್ಪನಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್ವಾಲ್ ಓದಿದ್ದು ಎಂಜಿನಿಯರಿಂಗ್. ಅವರ ನೀಳ ಕಾಯ ಮತ್ತು ಒರಟು ಮುಖವೇ ಚಿತ್ರದ ಬಂಡವಾಳ. ಜನ ನೆನಪಿಟ್ಟದ್ದು ಆ ಮುಖವನ್ನು. ಕಥೆಯ ಕೀಲು ಇದ್ದದ್ದು ಅಪ್ಪನ ಮೌನದಲ್ಲಿ.

ಬಣ್ಣದ ವೇಷ ಕಂಡ ಕಣ್ಣು

ಥಾಣೆ, ಡೊಂಬಿವಲಿಯಂಥ ಊರುಗಳ ಕನ್ನಡಿಗ ಪ್ರೇಕ್ಷಕನಿಗೆ ದೆವ್ವ ಹೊಸದೇನಲ್ಲ. ಕರಾವಳಿಯಿಂದ ಬಂದು ಹೋಟೆಲಿನಲ್ಲಿ ಮೇಜು ಒರೆಸುತ್ತ, ರಾತ್ರಿ ಶಾಲೆಯಲ್ಲಿ ಕನ್ನಡ ಓದುತ್ತ ಬೆಳೆದ ಹುಡುಗ ‘ದೇವಿ ಮಹಾತ್ಮೆ’ ಯಕ್ಷಗಾನದ ಆಟದಲ್ಲಿ ಮಹಿಷಾಸುರನನ್ನು ಕಂಡಿದ್ದ. ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಇಟ್ಟುಕೊಂಡು ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಸಿಕೊಂಡ ವೇಷ, ದೊಂದಿಯ ಬೆಂಕಿ, ರಾಳದ ಪುಡಿಯ ಭಗ್ಗೆಂಬ ಜ್ವಾಲೆ. ರಂಗಸ್ಥಳಕ್ಕಲ್ಲ, ನೇರ ಜನರ ನಡುವಿನಿಂದಲೇ ಬರುವ ಮಹಿಷ. ಹೆದರಿದ ಮಗು ಅಜ್ಜಿಯ ಸೆರಗಿನೊಳಗೆ. ಖರ್ಚಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ, ಪರಿಣಾಮದಲ್ಲಿ ಇದಕ್ಕಿಂತ ದುಬಾರಿಯ ದೆವ್ವ ಇನ್ನೊಂದಿಲ್ಲ. ಬೆಳಗಾಗುವಷ್ಟರಲ್ಲಿ ದೇವಿಯಿಂದ ಸಂಹಾರ, ಆಮೇಲೆ ಪ್ರಸಾದ. ಭಯ, ಬೋಧನೆ ಎರಡೂ ಒಂದೇ ರಾತ್ರಿಯಲ್ಲಿ ಮುಗಿಯುತ್ತಿದ್ದವು. ಆ ಕಣ್ಣಿಗೆ ರಬ್ಬರ್ ಮುಖವಾಡ ನಗು ತರಿಸಿದ್ದರೆ ಆಶ್ಚರ್ಯವಿಲ್ಲ.

ಕನ್ನಡ ಸಿನಿಮಾ ಕೂಡ ಈ ಎರಡು ದಾರಿಯನ್ನೂ ತುಳಿದಿದೆ. ಅನಂತ್‌ನಾಗ್, ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಪ್ರೇತ ಹಿಡಿದ ಗಂಡನನ್ನು ಹೆಂಡತಿಯ ಭಕ್ತಿಯಿಂದ, ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಬಿಡಿಸಿತು. ಎರಡು ವರ್ಷದಲ್ಲಿ ಅನಂತ್‌ನಾಗ್ ಮತ್ತು ರೇಖಾ ಜೋಡಿಯಲ್ಲಿ ‘ಮಂಗಳಸೂತ್ರ’ವಾಗಿ ಹಿಂದಿಗೂ ಹೋಯಿತು. ಇನ್ನೊಂದು ದಾರಿಯ ಚಿತ್ರವೆಂದರೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಅದೂ 1972ರದೇ. ತರಾಸು ಕಾದಂಬರಿಗಳನ್ನು ಆಧರಿಸಿದ ಆ ಚಿತ್ರದಲ್ಲಿ ಹಾವೆಂದರೆ ಬೇರೆ ಯಾರೂ ಅಲ್ಲ, ಕಾಲೇಜಿನ ಹುಡುಗ ರಾಮಾಚಾರಿ. ಚಾಮಯ್ಯ ಮೇಷ್ಟ್ರು ಅವನನ್ನು ಪ್ರೀತಿಸುತ್ತಾರೆ, ತಿದ್ದುತ್ತಾರೆ, ಅವನ ಪ್ರೇಮಕ್ಕೆ ಮಾತ್ರ ಎರಡು ಸಲವೂ ಬೇಡ ಎನ್ನುತ್ತಾರೆ. ಕೊನೆಗೆ ಶಿಷ್ಯನ ಕೈಯಿಂದಲೇ ಬಂಡೆಯಿಂದ ಜಾರಿ ಬೀಳುತ್ತಾರೆ. ಹರೆಯದ ನಡತೆಯ ಬಗ್ಗೆ ಕನ್ನಡದಲ್ಲಿ ಬಂದ ಅತಿ ಕಠಿಣ ಪಾಠವಿದು. ಇಲ್ಲಿ ಫೇಲಾದವರು ಹುಡುಗನೊಬ್ಬನೇ ಅಲ್ಲ.

1984 ಎಂಬ ವರ್ಷ

ಈ ಸಮೀಕ್ಷೆಯಲ್ಲಿ ತಡೆದು ನಿಲ್ಲಿಸುವ ವರ್ಷವೊಂದಿದ್ದರೆ ಅದು 1984. ಆ ವರ್ಷ ‘ಪುರಾನಾ ಮಂದಿರ್’ ಬಂತು. ಆ ವರ್ಷವೇ ಪುಣೆಯಲ್ಲಿ ಶಾಲಾ ಮಕ್ಕಳಿಗಾಗಿ ಮಹಾರಾಷ್ಟ್ರ ಸರ್ಕಾರದ ‘ಬಾಲಚಿತ್ರವಾಣಿ’ ಹುಟ್ಟಿತು. ಆ ಕಾಲದಲ್ಲಿ ಥಾಣೆ, ಡೊಂಬಿವಲಿಯ ಚಾಳುಗಳಲ್ಲಿ ಬೆಳೆದವರಿಗೆ ದೂರದರ್ಶನದಲ್ಲಿ ಬರುತ್ತಿದ್ದ ಅದರ ಶೀರ್ಷಿಕೆಯ ರಾಗ ಇನ್ನೂ ಕಿವಿಯಲ್ಲಿದೆ. ಆಗಸ್ಟಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಂ’ ಆರಂಭವಾಯಿತು. ಮತ್ತು ಅದೇ ವರ್ಷ ಕನ್ನಡದಲ್ಲಿ ಕಾಶಿನಾಥ್ ‘ಅನುಭವ’ ತೆಗೆದರು.

ಟಿವಿಯ ಪಾಠಗಳಲ್ಲಿ ವಿಜ್ಞಾನವಿತ್ತು, ಭೂಗೋಳವಿತ್ತು, ಕಸದಿಂದ ರಸ ಮಾಡುವ ಕೈಗೆಲಸವಿತ್ತು. ಹರೆಯವಿರಲಿಲ್ಲ. ಟಿವಿಯಿಂದ ಶಾಲೆ ನಡೆಸುವ ಪ್ರಯೋಗ ಅದಕ್ಕೂ ಮುಂಚೆ, 1975-76ರ ‘ಸೈಟ್’ ಉಪಗ್ರಹ ಯೋಜನೆಯಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಬಂದು ಹೋಗಿತ್ತು. ಅಲ್ಲೂ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಕುಟುಂಬ ಕಟ್ಟಿಕೊಂಡವರಿಗೆ ಸಲಹೆಯಿತ್ತು, ಕಟ್ಟಿಕೊಳ್ಳುವ ಮುಂಚಿನ ಐದಾರು ವರ್ಷಗಳ ಗೊಂದಲಕ್ಕೆ ಯಾರೂ ವಾರಸುದಾರರಿರಲಿಲ್ಲ. 1974ರಲ್ಲಿ ಬಿ.ಕೆ. ಆದರ್ಶ್ ಲೈಂಗಿಕ ಶಿಕ್ಷಣದ ಹೆಸರಿನಲ್ಲಿ ‘ಗುಪ್ತ್ ಜ್ಞಾನ್’ ತೆಗೆದಾಗ ಜನ ಮುಗಿಬಿದ್ದರು. ಆ ನೂಕುನುಗ್ಗಲಿಗೆ ಚಿತ್ರದ ಗುಣಕ್ಕಿಂತ ಈ ಖಾಲಿಯೇ ಹೆಚ್ಚು ಕಾರಣ. ಕಾಶಿನಾಥರು ಅದೇ ಖಾಲಿಯನ್ನು ಹಾಸ್ಯದಿಂದ ತುಂಬಿದರು. ದೇಹದ ಅರಿವಿಲ್ಲದೆ ಆಗುವ ಮದುವೆಯ ಅನರ್ಥವನ್ನು ನಗಿಸುತ್ತ ಹೇಳಿದರು. ಅಶ್ಲೀಲ ಎಂದು ಬೈದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಶಾಲೆ ಹೇಳದ್ದನ್ನು ಯಾರೋ ಹೇಳಿದಂತಾಯಿತು.

ಯಾವುದು ಕಲಿಸಿತು?

ಪಾಠದ ಚಿತ್ರ ಸೋತದ್ದು ಹಣದ ಕೊರತೆಯಿಂದಲ್ಲ. ಅದಕ್ಕೆ ಪ್ರಶ್ನೆಯ ಹೆದರಿಕೆ ಇತ್ತು. ಉತ್ತರ ಕಟ್ಟಿಕೊಂಡೇ ಬಂದವನ ಮುಂದೆ ಯಾವ ಹುಡುಗನೂ ಬಾಯಿ ತೆರೆಯುವುದಿಲ್ಲ. ದೆವ್ವದ ಚಿತ್ರ ಆ ಮಟ್ಟಿಗೆ ಧಾರಾಳಿ. ಕೂಗಲು, ಸೀಟಿ ಹೊಡೆಯಲು, ಪಕ್ಕದವರ ತೋಳು ಹಿಡಿಯಲು, ಹೆದರಿದ್ದನ್ನು ನಕ್ಕು ಮರೆಸಲು ಅಲ್ಲಿ ಅವಕಾಶವಿತ್ತು. ಹರೆಯವೆಂದರೆ ತನ್ನ ಮೈ ತನಗೇ ಅಪರಿಚಿತವಾಗುವ ಕಾಲ. ಕೂದಲು ಬೆಳೆಯುವ, ದನಿ ಒಡೆಯುವ, ನೆತ್ತರು ಕಾಣುವ ಮೈಗೆ ರೂಪ ಬದಲಿಸುವ ದೆವ್ವದಲ್ಲಿ ತನ್ನ ಗುರುತು ಸಿಕ್ಕಿತು.

ಹಾಗೆಂದು ರಾಮ್ಸೆಗಳ ಹಾಳು ಹವೇಲಿಯನ್ನು ಗುಡಿ ಮಾಡಬೇಕಿಲ್ಲ. ಹುಡುಗಿ ಸ್ನಾನ ಮಾಡುವುದನ್ನು ಕ್ಯಾಮೆರಾ ಬಿಡದೆ ನೋಡಿ, ಆಮೇಲೆ ಅವಳಿಗೇ ಶಿಕ್ಷೆ ಕೊಡುವ ಎರಡು ನಾಲಗೆ ಆ ಚಿತ್ರಗಳದು. ನೋಡಿದವನಿಗೆ ಶಿಕ್ಷೆಯಿಲ್ಲ. ಕುರೂಪವೆಂದರೆ ದುಷ್ಟತನ, ಕಾಡಿನವರೆಂದರೆ ಮಾಟಗಾರರು ಎಂಬ ಪೂರ್ವಗ್ರಹಕ್ಕೆ ಅವು ಧಾರಾಳ ಗೊಬ್ಬರ ಹಾಕಿದವು. ಮೋಹನ್ ಭಾಖ್ರಿ, ವಿನೋದ್ ತಲ್ವಾರ್ ಮೊದಲಾದವರ ಕೈಗೆ ಹೋಗುವಷ್ಟರಲ್ಲಿ ದೆವ್ವ ಇನ್ನೂ ಅಗ್ಗವಾಯಿತು, ಹಸಿತನ ಹೆಚ್ಚಿತು. ಹರೆಯದ ಹುಡುಗಿಗೆ ಈ ಕತ್ತಲಲ್ಲಿ ಸಿಕ್ಕ ಪಾಠ ಹುಡುಗನಿಗೆ ಸಿಕ್ಕಿದ್ದಲ್ಲ. ಮೊದಲಿಗೆ ಟಾಕೀಸಿಗೆ ಹೋಗಲು ಅವಳಿಗೆ ಅನುಮತಿಯೇ ಇರಲಿಲ್ಲ.

ಅವಳ ಕೈಗೆ ದೆವ್ವ ಸಿಕ್ಕಿದ್ದು ಖಾಸಗಿ ಟಿವಿ ಬಂದ ಮೇಲೆ. ಮಾನಖುರ್ದ್‌ನಿಂದ ಖಾಡಿ ದಾಟಿ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಜೀ ಟಿವಿ ಆರಂಭವಾಯಿತು. ಮರುವರ್ಷ ರಾಮ್ಸೆಗಳು ‘ಜೀ ಹಾರರ್ ಶೋ’ ಹೊತ್ತು ಮನೆಯೊಳಗೇ ಬಂದರು. ಹಾಗಾಗಿ ಸಿಡ್ಕೋ ಕಟ್ಟಿದ ಹೊಸ ನಗರ ನವಿ ಮುಂಬಯಿಯ ಮಕ್ಕಳಿಗೆ ಹಳೆಯ ಟಾಕೀಸಿನ ಕತ್ತಲೆ ಹೆಚ್ಚು ಗೊತ್ತಿಲ್ಲ. ನೆರೂಲ್, ವಾಶಿಯ ಫ್ಲ್ಯಾಟಿನಲ್ಲಿ ಅಕ್ಕ, ತಮ್ಮ, ಅಜ್ಜಿ ಒಂದೇ ಹೊದಿಕೆಯಡಿ ಕೂತು ಹೆದರಿದ್ದು ಅವರ ನೆನಪು. ಹುಡುಗಿಯರೂ ನೋಡಿದರು. ಸರ್ಕಾರದ ಡಾಕ್ಯುಮೆಂಟರಿ ಮಾತ್ರ ಖಾಸಗಿ ಟಿವಿಯ ಜಾಹೀರಾತಿನ ಲೋಕದಲ್ಲಿ ಜಾಗವಿಲ್ಲದೆ ಹಿಂದುಳಿಯಿತು.

ಪೆಟ್ಟಿಗೆ ಇನ್ನೂ ಮುಚ್ಚಿದೆ

ಕೇಂದ್ರವು 2005ರಲ್ಲಿ ಹರೆಯದವರಿಗಾಗಿ ಶಿಕ್ಷಣ ಕಾರ್ಯಕ್ರಮವೊಂದನ್ನು ತಂದಿತು. 2007ರಲ್ಲಿ ಅದರ ಚಿತ್ರಪಟಗಳು ನೋಡಬಾರದಂಥವು ಎಂಬ ಗಲಾಟೆಯೆದ್ದು, ಬೇಡವೆಂದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಎರಡೂ ರಾಜ್ಯಗಳಿಗೆ ಸೇರಿದ ನಮ್ಮಂಥವರಿಗೆ ಎರಡೂ ಕಡೆಯ ಬಾಗಿಲು ಮುಚ್ಚಿತು. ದೆವ್ವ ಅಷ್ಟರಲ್ಲಿ ವೇಷ ಬದಲಿಸಿತ್ತು. ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಸಿದ ತೊಂಬತ್ತರ ದಶಕದ ವದಂತಿಯ ನೆರಳು ಹಿಂದಿಯ ‘ಸ್ತ್ರೀ’ (2018) ಚಿತ್ರದಲ್ಲಿದೆ. ಅಲ್ಲಿ ಹೆದರಿ ಮನೆಯಲ್ಲಿ ಕೂರಬೇಕಾದವರು ಗಂಡಸರು. ‘ಮುಂಜ್ಯಾ’ದಲ್ಲಿ (2024) ಕೊಂಕಣದ ದಂತಕಥೆಯ ದೆವ್ವವೇ ಒಬ್ಬ ಹುಡುಗ. ಮುಂಜಿಯಾದ ಸ್ವಲ್ಪ ದಿನಕ್ಕೇ ಸತ್ತ, ತನಗಿಂತ ದೊಡ್ಡ ಹುಡುಗಿಯ ಮೇಲಿನ ಆಸೆ ತೀರದ ಬಾಲಕ. ಹರೆಯ ಮತ್ತು ದೆವ್ವದ ನಡುವೆ ಇದ್ದ ಪರದೆಯನ್ನೂ ಈ ಚಿತ್ರ ತೆಗೆದುಹಾಕಿತು.

ಭಯದಿಂದ ಕಲಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ಹಾರ್ಬರ್ ಲೈನಿನಲ್ಲೇ ಒಂದು ಉತ್ತರವಿದೆ. ಹಳಿ ದಾಟುವಾಗ ಸಾಯುವವರನ್ನು ತಡೆಯಲು 2009-10ರಲ್ಲಿ ವಡಾಲಾ ಬಳಿ ಫೈನಲ್‌ಮೈಲ್ ಸಂಸ್ಥೆ ಮತ್ತು ಮಧ್ಯ ರೈಲ್ವೆ ಮಾಡಿದ ಪ್ರಯೋಗದಲ್ಲಿ ಉಪದೇಶದ ಫಲಕ ಇರಲಿಲ್ಲ. ಮೈಮೇಲೆ ಬರುತ್ತಿರುವ ರೈಲನ್ನು ಕಂಡು ಬಾಯಿ ತೆರೆದ ಮನುಷ್ಯನೊಬ್ಬನ ಮುಖದ ಚಿತ್ರ, ರೈಲಿನ ವೇಗ ಕಣ್ಣಿಗೆ ತಿಳಿಯಲೆಂದು ಹಳಿಯಡಿಯ ಪಟ್ಟಿಗಳಿಗೆ ಹಳದಿ ಬಣ್ಣ, ಸೀಟಿಯ ರೀತಿಯಲ್ಲಿ ಬದಲಾವಣೆ. ಸಾವು ಇಳಿಯಿತು. ಆ ಮುಖ ರಾಮ್ಸೆ ಪೋಸ್ಟರಿನ ಮುಖದ ತಮ್ಮ. ಆದರೆ ಅದರ ಹಿಂದೆ ದಾಟುವವನ ಕಣ್ಣು, ಕಿವಿ ಹೇಗೆ ಮೋಸ ಹೋಗುತ್ತವೆ ಎಂದು ಮೊದಲು ಕೇಳಿದವರಿದ್ದರು. ಅವರು ದಾಟುವವನನ್ನು ಬೈಯಲು ಹೋಗಲಿಲ್ಲ.

ಫಿಲ್ಮ್ಸ್ ಡಿವಿಷನ್ ಈಗ ಎನ್‌ಎಫ್‌ಡಿಸಿಯೊಳಗೆ ವಿಲೀನವಾಗಿದೆ. ಪೆಡರ್ ರೋಡಿನ ಅದೇ ಆವರಣದಲ್ಲಿ 2019ರಿಂದ ಸಿನಿಮಾ ಮ್ಯೂಸಿಯಂ ಇದೆ. ಹಳೆಯ ಡಾಕ್ಯುಮೆಂಟರಿಗಳಲ್ಲಿ ಹಲವು ಕಂಪ್ಯೂಟರಿನಲ್ಲೇ ನೋಡಸಿಗುತ್ತವೆ, ದೆವ್ವದ ಚಿತ್ರಗಳೂ ಹಾಗೆಯೇ. ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ಶಾಲೆಯಿದೆ. ಥಾಣೆ, ಕಲ್ಯಾಣ್, ನವಿ ಮುಂಬಯಿಯ ಕನ್ನಡ ಸಂಘಗಳಿಗೂ ಹಗಲು ಖಾಲಿಯಿರುವ ಸಭಾಗೃಹಕ್ಕೆ ಕೊರತೆಯಿಲ್ಲ. ಒಂದು ಭಾನುವಾರ ಹಳೆಯ ಟಿಕೆಟ್ಟಿನ ಲೆಕ್ಕದಲ್ಲೇ ಎರಡೂ ತೋರಿಸಬಹುದು. ಮೊದಲು ‘ಐ ಆಮ್ ಟ್ವೆಂಟಿ’, ಆಮೇಲೆ, ಮಕ್ಕಳ ವಯಸ್ಸು ನೋಡಿಕೊಂಡು, ಒಂದು ದೆವ್ವ. ಮುಗಿದ ಮೇಲೆ ಮಾತಿಗೆ ಒಂದು ಗಂಟೆ ಇಡಬೇಕು. ಒಂದೇ ನಿಯಮ ಸಾಕು: ಮೊದಲ ಅರ್ಧ ಗಂಟೆ ದೊಡ್ಡವರು ಮಾತಾಡಕೂಡದು.